ಕೋಟೆಯೊಳಗಿನ ನೂಲು, ಕೋಟೆಯಾಚೆಯ ನೆಲ

ಇಂಡಿಯಾನಾ ರಾಜ್ಯದ ವೆಸ್ಟ್ ಲಫಾಯೆಟ್ ಊರಿನಾಚೆ, ವಾಬಾಶ್ ನದಿಯ ದಂಡೆಯಲ್ಲಿ, ಮರಗಳ ಎಲೆ ಕೆಂಪೇರುವ ಹೊತ್ತಿಗೆ ಪ್ರತಿವರ್ಷ ಒಂದು ಜಾತ್ರೆ ನೆರೆಯುತ್ತದೆ. ‘ಫೀಸ್ಟ್ ಆಫ್ ದ ಹಂಟರ್ಸ್ ಮೂನ್’ ಎಂದು ಅದರ ಹೆಸರು. ಟಿಪ್ಪೆಕನೂ ಕೌಂಟಿಯ ಇತಿಹಾಸ ಸಂಘ 1968ರಲ್ಲಿ ಶುರುಮಾಡಿದ ಜಾತ್ರೆ ಇದು. ಹದಿನೆಂಟನೇ ಶತಮಾನದ ನಡುಗಾಲದಲ್ಲಿ ಫ್ರೆಂಚ್ ವ್ಯಾಪಾರಿಗಳೂ ಮೂಲನಿವಾಸಿಗಳೂ ಈ ದಂಡೆಯಲ್ಲಿ ಕೂಡುತ್ತಿದ್ದುದನ್ನು ಮತ್ತೆ ಆಡಿ ತೋರಿಸುವುದು ಇದರ ಉದ್ದೇಶ. ಉದ್ದನೆಯ ದೋಣಿಗಳು ಹಾಡಿನೊಂದಿಗೆ ದಡ ಸೇರುತ್ತವೆ. ಬಿಳಿ ಕ್ಯಾನ್ವಾಸಿನ ಡೇರೆಗಳ ಮುಂದೆ ಸೌದೆಯ ಒಲೆಯ ಮೇಲೆ ಕಬ್ಬಿಣದ ಹಂಡೆಗಳು ಕುದಿಯುತ್ತವೆ. ಕಮ್ಮಾರ, ಬುಟ್ಟಿ ಹೆಣೆಯುವವಳು, ಕೊಂಬಿನ ಬಾಚಣಿಗೆ ಕೊರೆಯುವವನು, ಕೊಳಲು ಮತ್ತು ನಗಾರಿಯ ತಂಡದ ಮಕ್ಕಳು ಎಲ್ಲರೂ ಇರುತ್ತಾರೆ. ನೋಡಲು ಬರುವವರು ಹತ್ತಾರು ಸಾವಿರ. ಪಕ್ಕದಲ್ಲೇ ಪರ್ಡ್ಯೂ ವಿಶ್ವವಿದ್ಯಾಲಯ ಇರುವುದರಿಂದ ಅಲ್ಲಿಗೆ ಓದಲು ಹೋದ ನಮ್ಮ ಹುಡುಗ ಹುಡುಗಿಯರಿಗೂ ಇದು ಕಣ್ಣಳತೆಯ ಸಂಗತಿ.

ಜಾತ್ರೆಯ ಬಯಲಿನಲ್ಲಿ ಮರದ ದಿಮ್ಮಿಗಳ ಕಾವಲುಮನೆಯೊಂದಿದೆ. ವಿಯಾಟನಾನ್ ಕೋಟೆಯ ನೆನಪಿಗಾಗಿ ಅದನ್ನು ಕಟ್ಟಿದ್ದು 1930ರಲ್ಲಿ. 1717ರಲ್ಲಿ ಫ್ರೆಂಚರು ಹಾಕಿದ ನಿಜವಾದ ಕೋಟೆ ಇದ್ದದ್ದು ನದಿಯ ಹರಿವಿನತ್ತ ಸುಮಾರು ಒಂದು ಮೈಲಿ ಕೆಳಗೆ. ಆ ಜಾಗವನ್ನು ಪುರಾತತ್ವಜ್ಞರು ಗುರುತಿಸಿದ್ದು ಈ ಕಾವಲುಮನೆ ಎದ್ದು ಹಲವು ದಶಕಗಳಾದ ಮೇಲೆ. ಆ ಕೋಟೆಗೆ ಇಂಥ ಕಾವಲುಮನೆ ಇರಲೇ ಇಲ್ಲ. ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಈ ದಂಡೆಯ ಮೇಲೆ ಊರು ಕಟ್ಟಿಕೊಂಡು ಜೋಳ ಬೆಳೆಯುತ್ತಿದ್ದವರು ವೀಯಾ ಜನ. 1791ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಸರ್ಕಾರದ ಆಜ್ಞೆಯಂತೆ ಚಾರ್ಲ್ಸ್ ಸ್ಕಾಟ್ ಕೆಂಟಕಿಯ ದಂಡು ತಂದು ಅವರ ಊರುಗಳನ್ನೂ ಹೊಲಗಳನ್ನೂ ಸುಟ್ಟ, ಹೆಂಗಸರು ಮಕ್ಕಳನ್ನು ಸೆರೆ ಒಯ್ದ. ವೀಯಾ ಜನರ ಮೊಮ್ಮಕ್ಕಳು ಈಗ ಒಕ್ಲಹೋಮಾದಲ್ಲಿ, ಪಿಯೋರಿಯಾ ಬುಡಕಟ್ಟಿನ ಭಾಗವಾಗಿ ಇದ್ದಾರೆ. ಜಾತ್ರೆ ಹಿಡಿದುಕೊಂಡ ಕಾಲ 1750ರ ಆಸುಪಾಸಿನದು, ಬೆಂಕಿ ಬಿದ್ದದ್ದು 1791ರಲ್ಲಿ. ಯಾವ ಇಸವಿಯನ್ನು ಆಡಿ ತೋರಿಸಬೇಕೆಂದು ಆರಿಸಿಕೊಳ್ಳುವಾಗಲೇ ಯಾವುದನ್ನು ತೋರಿಸಬೇಕಿಲ್ಲ ಎಂಬುದೂ ತೀರ್ಮಾನವಾಗಿಬಿಡುತ್ತದೆ.

ಇಂಥ ಕೂಟಗಳು ಅಮೆರಿಕದ ಉದ್ದಗಲಕ್ಕೂ ಇವೆ. ನ್ಯೂಯಾರ್ಕಿನ ಟಿಕಾಂಡರೋಗಾ ಮತ್ತು ನಯಾಗರ ಕೋಟೆಗಳಲ್ಲಿ, ಮಿಷಿಗನ್ನಿನ ಮಿಶಿಲಿಮ್ಯಾಕಿನಾದಲ್ಲಿ, ಟೆನೆಸಿಯ ಲೌಡನ್ ಕೋಟೆಯಲ್ಲಿ, ವರ್ಜೀನಿಯಾದ ಮಾರ್ಟಿನ್ಸ್ ಸ್ಟೇಷನ್ನಿನಲ್ಲಿ, ಕೆಂಟಕಿಯ ಬೂನ್ಸ್‌ಬರೋದಲ್ಲಿ ಜನ ವಾರಾಂತ್ಯದ ಮಟ್ಟಿಗೆ ತಮ್ಮ ಶತಮಾನವನ್ನು ಬಿಟ್ಟು ಬೇರೊಂದರಲ್ಲಿ ಬಾಳುತ್ತಾರೆ. ಇವರನ್ನು ವೇಷ ತೊಟ್ಟ ದೊಡ್ಡ ಮಕ್ಕಳೆಂದು ತಳ್ಳಿಹಾಕುವುದು ಅನ್ಯಾಯ. ಅವರ ಕೈಯಲ್ಲಿರುವ ತಿಳಿವಳಿಕೆ ದೊಡ್ಡದು, ಪಟ್ಟ ಶ್ರಮ ನಿಜವಾದದ್ದು. ಆದರೆ ಅಂಗಿಯ ನೂಲಿನ ಬಗ್ಗೆ ಅವರಲ್ಲಿರುವ ನಿಷ್ಠೆ ಕಾಲಕೆಳಗಿನ ನೆಲದ ಬಗ್ಗೆಯೂ ಇದೆಯೇ? ಈ ಹವ್ಯಾಸದ ಮುಂದಿರುವ ಪ್ರಶ್ನೆಗಳೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ.

ಈ ಹವ್ಯಾಸದ ಬೇರುಗಳು ಹಳೆಯವು. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ಚಹಾದ ಪೆಟ್ಟಿಗೆಗಳನ್ನು ನೀರಿಗೆಸೆದವರು ಮೊಹಾಕ್ ವೇಷ ಹಾಕಿದ್ದರು. ಡಕೋಟಾ ಮೂಲದ ಇತಿಹಾಸಕಾರ ಫಿಲಿಪ್ ಡೆಲೋರಿಯಾ 1998ರಲ್ಲಿ ಬರೆದ ‘ಪ್ಲೇಯಿಂಗ್ ಇಂಡಿಯನ್’ ಪುಸ್ತಕ ಅಲ್ಲಿಂದ ಹಿಡಿದು ಇಪ್ಪತ್ತನೇ ಶತಮಾನದ ಹವ್ಯಾಸಿಗಳವರೆಗಿನ ದಾರಿಯನ್ನು ಬಿಡಿಸಿಟ್ಟಿದೆ. ತಾನು ಐರೋಪ್ಯನಲ್ಲ, ಬೇರೆಯೇ ಒಂದು ಜನ ಎಂದು ತೋರಿಸಿಕೊಳ್ಳಬೇಕಾದಾಗಲೆಲ್ಲ ಬಿಳಿಯ ಅಮೆರಿಕ ‘ಇಂಡಿಯನ್’ ವೇಷವನ್ನು ಕೈಗೆತ್ತಿಕೊಂಡಿತು ಎಂಬುದು ಅದರ ಸಾರ. ಗಡಿಸೀಮೆಯ ಬದುಕನ್ನು ಟಿಕೆಟ್ಟಿಟ್ಟು ಮಾರಿದವರಲ್ಲಿ ದೊಡ್ಡ ಹೆಸರು ಬಫಲೋ ಬಿಲ್ಲನದು. 1883ರಲ್ಲಿ ಅವನ ಪ್ರದರ್ಶನ ಶುರುವಾಯಿತು. 1885ರಲ್ಲಿ ಲಕೋಟಾ ನಾಯಕ ಸಿಟಿಂಗ್ ಬುಲ್ ಸ್ವತಃ ಅದರಲ್ಲಿ ಕಾಣಿಸಿಕೊಂಡ. ಲಿಟಲ್ ಬಿಗ್‌ಹಾರ್ನ್ ಕಾಳಗ ಮುಗಿದು ಆಗ ಹತ್ತು ವರ್ಷವೂ ಆಗಿರಲಿಲ್ಲ. ಗಾಯ ಮಾಯುವ ಮೊದಲೇ ಅದು ಆಟವಾಗಿತ್ತು.

ಇಂದಿನ ಹವ್ಯಾಸಕ್ಕೆ ಮೈ ಬಂದದ್ದು ಬಂದೂಕಿನ ಮೂಲಕ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿಗಳ ಪ್ರೇಮಿಗಳು 1933ರಲ್ಲಿ ಒಂದು ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರು ಅದರ ನೆಲೆ. ಮೊದಲು ಗುರಿ ಹೊಡೆಯುವ ಪಂದ್ಯ, ಆಮೇಲೆ ಆ ಕೋವಿಗೆ ಒಪ್ಪುವ ಉಡುಪು, ಉಡುಪಿಗೆ ಒಪ್ಪುವ ಡೇರೆ, ಡೇರೆಗೆ ಒಪ್ಪುವ ಅಡುಗೆ ಹೀಗೆ ಒಂದರ ಹಿಂದೊಂದು ಬಂದವು. ಪಶ್ಚಿಮದ ಬೆಟ್ಟಗಳಲ್ಲಿ 1825ರಿಂದ 1840ರವರೆಗೆ ಬೀವರ್ ಬೇಟೆಗಾರರು ಬೇಸಿಗೆಗೊಮ್ಮೆ ಕೂಡಿ ತುಪ್ಪಳ ಮಾರಿ ಸಾಮಾನು ಕೊಳ್ಳುತ್ತಿದ್ದ ‘ರಾಂದೆವೂ’ಗಳ ಹೆಸರಲ್ಲಿ ಬೇರೊಂದು ಪಂಗಡ ಬೆಳೆಯಿತು. ಜಿಂಕೆಯ ತೊಗಲು ತೊಡುವ ಅವರಿಗೆ ಬಕ್‌ಸ್ಕಿನರ್‌ಗಳೆಂದು ಹೆಸರು. 1976ರಲ್ಲಿ ದೇಶದ ಇನ್ನೂರನೇ ವರ್ಷದ ಸಂಭ್ರಮ ಊರೂರಿಗೂ ಕೋಟೆ ಕಟ್ಟಿಸಿತು. 1992ರಲ್ಲಿ ‘ದ ಲಾಸ್ಟ್ ಆಫ್ ದ ಮೊಹಿಕನ್ಸ್’ ಚಿತ್ರ ಬಂದ ಮೇಲೆ ಈ ಹವ್ಯಾಸಕ್ಕೆ ಸೇರಿದ ಹುಡುಗರು ಈಗ ಬಿಡಾರಗಳ ಹಿರಿಯರು.

ಬಿಡಾರದೊಳಗೆ ಕಟ್ಟುಪಾಡು ಬಿಗಿ. ಒಬ್ಬೊಬ್ಬರಿಗೂ ಒಂದು ‘ಪರ್ಸೋನಾ’ ಇರುತ್ತದೆ. ಬೆಟ್ಟ ದಾಟಿ ತಿಂಗಳುಗಟ್ಟಲೆ ಬೇಟೆಗೆ ಹೋಗುವ ಲಾಂಗ್‌ಹಂಟರ್, ದಂಡಿನ ಹಿಂದೆ ಸರಕು ಹೊತ್ತು ನಡೆಯುವ ಸಟ್ಲರ್, ಅಗಸಗಿತ್ತಿ, ಮಿಲಿಷಿಯಾದ ರೈತ. ಕಟ್ಟುನಿಟ್ಟಿನ ಕೂಟಗಳಲ್ಲಿ ಮೊದಲೇ ಫೋಟೋ ಕಳಿಸಿ ಒಪ್ಪಿಗೆ ಪಡೆಯಬೇಕು. ಅಲ್ಲಿ ಕೈಗಡಿಯಾರ, ಪ್ಲಾಸ್ಟಿಕ್ ಬಾಟಲಿ, ಮೆಷಿನ್ ಹೊಲಿಗೆ ಕಾಣಕೂಡದು. ಐಸ್ ಪೆಟ್ಟಿಗೆ ಇದ್ದರೆ ಕಂಬಳಿಯಡಿ ಅಡಗಿಸಬೇಕು. ಕಾಲಕ್ಕೆ ಹೊಂದದ ವೇಷಕ್ಕೆ ‘ಫಾರ್ಬ್’ ಎಂಬ ಬೈಗುಳವಿದೆ. ಅತಿ ಕಟ್ಟುನಿಟ್ಟಿನವರಿಗೆ ‘ನೂಲು ಎಣಿಸುವವರು’ ಎಂಬ ಅಡ್ಡಹೆಸರು. ಕೋವಿ ಸಿಡಿಸುವ ಮೊದಲು ತಪಾಸಣೆ ಆಗಲೇಬೇಕು. ಚಕಮಕಿ ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರಿ, ಬಟ್ಟಲಿನ ಮದ್ದು ಹೊತ್ತಿ, ಸಣ್ಣ ತೂತಿನಿಂದ ಬೆಂಕಿ ನಳಿಗೆಯೊಳಕ್ಕೆ ನುಗ್ಗಬೇಕು. ಮಳೆಹನಿ ಬಿದ್ದರೆ ಅದೂ ಇಲ್ಲ. ಬಂದೂಕು ಎಷ್ಟು ನಿಧಾನ, ಎಷ್ಟು ನೆಚ್ಚಲಾಗದ ವಸ್ತು, ಸಿಪಾಯಿಗಳನ್ನು ಸಾಲಿನಲ್ಲಿ ನಿಲ್ಲಿಸಬೇಕಾದದ್ದೇಕೆ ಎಂಬುದು ಅದನ್ನು ಹಿಡಿದು ನಿಂತವನಿಗೆ ಒಂದೇ ಗಳಿಗೆಯಲ್ಲಿ ಗೊತ್ತಾಗುತ್ತದೆ.

ಈ ಕೈತಿಳಿವಳಿಕೆಗೆ ನಾನು ಮನಃಪೂರ್ವಕ ಗೌರವ ಕೊಡುತ್ತೇನೆ. ಹದಿನೆಂಟನೇ ಶತಮಾನದ ಉಪಕರಣಗಳಿಂದಲೇ ರೈಫಲ್ಲೊಂದನ್ನು ನಳಿಗೆಯಿಂದ ಬೀಗದವರೆಗೆ ಇಡಿಯಾಗಿ ಮಾಡುವ ವಿದ್ಯೆ ಸತ್ತೇಹೋಗಿತ್ತು. ವಿಲಿಯಮ್ಸ್‌ಬರ್ಗಿನ ಕುಶಲಕರ್ಮಿ ವ್ಯಾಲೇಸ್ ಗಸ್ಲರ್ 1960ರ ದಶಕದಲ್ಲಿ ಅದನ್ನು ಮತ್ತೆ ಕಲಿತು ಮಾಡಿ ತೋರಿಸಿದ. 1969ರಲ್ಲಿ ಅದರ ಸಾಕ್ಷ್ಯಚಿತ್ರವೂ ಬಂತು. ಇಂದು ಅಂಥ ಕೋವಿ ಮಾಡಬಲ್ಲವರು ಹಲವರಿದ್ದಾರೆ. ಜಿಂಕೆಯ ಮಿದುಳು ಸವರಿ ತೊಗಲು ಹದ ಮಾಡುವುದು, ಬೆರಳಲ್ಲೇ ನಡುಪಟ್ಟಿ ನೇಯುವುದು, ಮುಳ್ಳುಹಂದಿಯ ಮುಳ್ಳಿಗೆ ಬಣ್ಣ ಹಾಕಿ ಕಸೂತಿ ಮಾಡುವುದು ಇವೆಲ್ಲ ಮ್ಯೂಸಿಯಮ್ಮಿನ ಗಾಜಿನಾಚೆ ಉಳಿಯದೆ ಬೆರಳುಗಳಿಗೆ ಮರಳಿವೆ. ಟಿಕಾಂಡರೋಗಾ ಕೋಟೆಯವರಂತೂ ಪ್ರತಿವರ್ಷ ಬೇರೊಂದು ಇಸವಿಯನ್ನು ಆರಿಸಿಕೊಂಡು, ಆ ವರ್ಷ ಅಲ್ಲಿದ್ದ ದಂಡಿನ ಬಟ್ಟೆ ಬೂಟುಗಳನ್ನು ತಾವೇ ಹೊಲಿದು ಹೊಸದಾಗಿ ಕಥೆ ಹೇಳುತ್ತಾರೆ.

ಗಡಿಸೀಮೆಯ ಬಡವನ ಅಂಗಿಯ ಬಣ್ಣ, ಗುಂಡಿ, ತೇಪೆ ಇವರಿಗೆ ಹೇಗೆ ಗೊತ್ತಾಯಿತು? ಚಿತ್ರ ಬರೆಸಿಕೊಂಡವರು ಸಿರಿವಂತರು. ಉಳಿದುಬಂದ ಉಡುಪುಗಳೂ ಅವರವೇ. ಸಾಮಾನ್ಯರ ಬಟ್ಟೆಯ ಬಗ್ಗೆ ಅತಿ ಹೆಚ್ಚು ವಿವರ ಸಿಗುವುದು ಆ ಕಾಲದ ಪತ್ರಿಕೆಗಳ ‘ಓಡಿಹೋದವರ’ ಜಾಹೀರಾತುಗಳಲ್ಲಿ. ಗುಲಾಮನೊಬ್ಬ, ಜೀತದಾಳೊಬ್ಬಳು ತಪ್ಪಿಸಿಕೊಂಡರೆ ಯಜಮಾನ ಬಹುಮಾನ ಸಾರುತ್ತಿದ್ದ. ಹಿಡಿಯಲು ಸುಲಭವಾಗಲೆಂದು ಅಂಗಿ ಯಾವ ಬಟ್ಟೆಯದು, ಗುಂಡಿ ತವರದ್ದೋ ಹಿತ್ತಾಳೆಯದ್ದೋ, ಬೂಟಿನ ಯಾವ ಬದಿ ಸವೆದಿದೆ, ಬೆನ್ನಿನ ಮೇಲೆ ಯಾವ ಗಾಯದ ಕಲೆ ಇದೆ ಎಂದೆಲ್ಲ ಬರೆಸುತ್ತಿದ್ದ. ಇಂದು ಬಿಡಾರದಲ್ಲಿ ಹೆಮ್ಮೆಯಿಂದ ತೊಡುವ ಎಷ್ಟೋ ಅಂಗಿಗಳ ಪ್ರಮಾಣಪತ್ರ ಆ ಜಾಹೀರಾತು. ಕಾರ್ನೆಲ್ ವಿಶ್ವವಿದ್ಯಾಲಯದ ‘ಫ್ರೀಡಂ ಆನ್ ದ ಮೂವ್’ ಯೋಜನೆ ಅವುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಲೆಹಾಕಿದೆ. ಅವನ್ನು ಓದುವಾಗ ಗುಂಡಿಯ ಲೆಕ್ಕದ ಜೊತೆ ಆ ಮನುಷ್ಯನ ಹೆಸರೂ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಆದರೆ ಬಿಡಾರಕ್ಕೆ ಬರುವ ಶಾಲೆಯ ಮಕ್ಕಳಿಗೆ ಅಂಗಿಯನ್ನು ತೋರಿಸಲಾಗುತ್ತದೆ, ಓಡಿದವನನ್ನು ತೋರಿಸುವುದು ಅಪರೂಪ. ಇದು ನನಗೆ ಸಹಿಸಲಾಗದ ಲೋಪವಾಗಿ ಕಾಣುತ್ತದೆ, ಏಕೆಂದರೆ ತಿದ್ದಲು ಒಂದು ವಾಕ್ಯ ಸಾಕು.

ಗಡಿಸೀಮೆ ಎಂದರೆ ಸ್ವತಂತ್ರ ಬಿಳಿಯರ ಲೋಕ ಎಂಬ ಭ್ರಮೆ ಹೀಗೆಯೇ ಉಳಿಯುತ್ತದೆ. ಕೆಂಟಕಿಯ ಬೂನ್ಸ್‌ಬರೋ ಕೋಟೆಗೆ ಮದ್ದು ಅರೆದು ಕೊಟ್ಟ ಮಂಕ್ ಎಸ್ಟಿಲ್ ಗುಲಾಮನಾಗಿದ್ದ ಆಫ್ರಿಕನ್. 1782ರಲ್ಲಿ ಒಂದು ಕಾಳಗದ ನಂತರ ಅವನಿಗೆ ಬಿಡುಗಡೆ ಸಿಕ್ಕಿತು. 1778ರ ಸೆಪ್ಟೆಂಬರಿನಲ್ಲಿ ಅದೇ ಕೋಟೆಯನ್ನು ಶಾನಿ ನಾಯಕ ಬ್ಲ್ಯಾಕ್‌ಫಿಶ್ ಮುತ್ತಿದಾಗ ಶಾನಿಗಳ ಪರವಾಗಿ ದುಭಾಷಿಯಾಗಿ ನಿಂತು ಗುಂಡಿಗೆ ಬಲಿಯಾದ ಪಾಂಪಿ ಕೂಡ ಕಪ್ಪು ಮನುಷ್ಯ. ಗೋಡೆಯ ಎರಡೂ ಬದಿಗೆ ಆಫ್ರಿಕಾದ ಮಕ್ಕಳಿದ್ದರು. ಮಿಶಿಲಿಮ್ಯಾಕಿನಾದ್ದು ಇನ್ನೊಂದು ಬಗೆ. 1763ರ ಜೂನ್ 2ರಂದು ಒಜಿಬ್ವೆ ಮತ್ತು ಸಾಕ್ ಜನ ಕೋಟೆಯ ಹೊರಗೆ ಚೆಂಡಾಟ ಆಡಿದರು. ಹೆಂಗಸರು ಕಂಬಳಿಯಡಿ ಆಯುಧ ಇಟ್ಟುಕೊಂಡು ಬಾಗಿಲ ಬಳಿ ನಿಂತಿದ್ದರು. ಚೆಂಡು ಗೋಡೆಯತ್ತ ಹಾರಿತು, ಆಟಗಾರರು ಒಳನುಗ್ಗಿದರು, ಕೋಟೆ ಬಿತ್ತು. ಆ ಊರಿನ ಜನ ದಶಕಗಳಿಂದ ಪ್ರತಿ ಮೇ ಕೊನೆಗೆ ಇದನ್ನು ನಾಟಕವಾಗಿ ಆಡುತ್ತಿದ್ದಾರೆ. ಆ ದಿನ ವ್ಯಾಪಾರಿ ಅಲೆಕ್ಸಾಂಡರ್ ಹೆನ್ರಿಯನ್ನು ಅಟ್ಟದಲ್ಲಿ ಬಚ್ಚಿಟ್ಟು ಉಳಿಸಿದವಳು ಲಾಂಗ್ಲಾಡ್ ಎಂಬಾತನ ಮನೆಯಲ್ಲಿ ಗುಲಾಮಳಾಗಿದ್ದ ಮೂಲನಿವಾಸಿ ಹೆಂಗಸು. ಅವಳ ಹೆಸರನ್ನು ಹೆನ್ರಿ ಬರೆದಿಡಲಿಲ್ಲ. ಆ ಕೋಟೆಯಲ್ಲಿ 1959ರಿಂದ ಬೇಸಿಗೆ ಬೇಸಿಗೆಗೂ ಉತ್ಖನನ ನಡೆದೇ ಇದೆ. ಅಂಥವಳ ಬದುಕಿನ ಗುರುತು ಸಿಕ್ಕಬಹುದಾದ ದಾರಿ ಅದೊಂದೇ.

ನಮ್ಮ ದೇಶದ ಪಾಲೂ ಈ ಬಿಡಾರಗಳಲ್ಲಿ ಬೇಕಾದಷ್ಟಿದೆ. 1721ರ ಕಾನೂನು ಇಂಗ್ಲೆಂಡಿನ ಒಳಗೆ ಭಾರತದ ಅಚ್ಚುಬಟ್ಟೆ ತೊಡುವುದನ್ನು ನಿಷೇಧಿಸಿತ್ತು. ಆದರೆ ಅಮೆರಿಕದ ವಸಾಹತುಗಳಿಗೆ ಅದನ್ನು ಸಾಗಿಸಬಹುದಿತ್ತು. ಹಾಗಾಗಿ ಕೋರಮಂಡಲದ ಚಿಂಟ್ಸ್ ಅಪಲಾಚಿಯನ್ ಬೆಟ್ಟಗಳ ವ್ಯಾಪಾರದ ಕಟ್ಟೆಯನ್ನೂ ತಲುಪಿತು. ಬ್ರಿಟಿಷ್ ಕೋವಿಮದ್ದಿನ ಪೆಟ್ಲುಪ್ಪು ಹೆಚ್ಚಾಗಿ ಬಿಹಾರದ್ದು. ಇಂದಿಗೂ ಹೆಂಗಸರು ಬಿಡಾರದಲ್ಲಿ ತೊಡುವ ಕೈಅಚ್ಚಿನ ಹತ್ತಿಬಟ್ಟೆ ಎಷ್ಟೋ ಸಲ ನಮ್ಮಿಂದಲೇ ಹೋಗಿರುತ್ತದೆ. ಹೆಚ್ಚು ದುಡ್ಡಿಲ್ಲದ ಹೊಸಬರು ಕೊಳ್ಳುವ ‘ಬ್ರೌನ್ ಬೆಸ್’ ಕೋವಿಯೂ ಭಾರತದ ಕಾರ್ಖಾನೆಯದೇ. ಬೆಂಕಿಯ ತೂತನ್ನು ಕೊರೆಯದೆ, ಅಲಂಕಾರದ ವಸ್ತುವೆಂದು ಹಡಗಿಗೇರಿಸುತ್ತಾರೆ. ಅಲ್ಲಿ ಕೊಂಡವರು ಕೊರೆಸಿಕೊಳ್ಳುತ್ತಾರೆ. ಅದರ ನಳಿಗೆ ಭದ್ರವೋ ಅಲ್ಲವೋ ಎಂಬ ವಾಗ್ವಾದ ಬಿಡಾರಗಳಲ್ಲಿ ಮುಗಿಯುವುದೇ ಇಲ್ಲ. ಮೈಸೂರಿನವರಿಗೆ ಇನ್ನೂ ಹತ್ತಿರದ ನೆನಪೊಂದಿದೆ. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಸೋಲಿಸಿ ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’. ತಮ್ಮ ವೈರಿಯನ್ನು ಇನ್ನೊಂದು ಖಂಡದಲ್ಲಿ ನಡುಗಿಸುತ್ತಿದ್ದವನ ಹೆಸರನ್ನು ಅಮೆರಿಕದ ನಾವಿಕರು ಆರಿಸಿಕೊಂಡಿದ್ದರು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದದ್ದು. ಅಮೆರಿಕದ ಗಡಿಸೀಮೆಯನ್ನು ಬರೀ ಅಮೆರಿಕದ ಕಥೆಯಾಗಿ ಆಡಿ ತೋರಿಸುವಾಗ ಈ ಎಳೆಗಳೂ ಕತ್ತರಿಸಿಹೋಗುತ್ತವೆ.

ಇನ್ನು ಕಾಳಗದ ಅಭಿನಯ. ಪ್ರೇಕ್ಷಕರು ಹೆಚ್ಚು ಬರುವುದು ಅದಕ್ಕೇ. ವಿವಾದವೂ ಅಲ್ಲೇ ಹೆಚ್ಚು. 1961ರಲ್ಲಿ ಅಂತರ್ಯುದ್ಧದ ನೂರನೇ ವರ್ಷಕ್ಕೆ ಮನಾಸಸ್‌ನಲ್ಲಿ ನಡೆದ ಭಾರೀ ಮರುನಟನೆ ಸಂತೆಯಂತಾಯಿತೆಂಬ ಟೀಕೆ ಬಂತು. ಈಗ ರಾಷ್ಟ್ರೀಯ ಉದ್ಯಾನಗಳ ನೆಲದಲ್ಲಿ ಎರಡು ಸಾಲು ಎದುರುಬದುರಾಗಿ ಗುಂಡು ಹಾರಿಸಿ ಸತ್ತಂತೆ ಬೀಳುವುದಕ್ಕೆ ಅನುಮತಿ ಇಲ್ಲ. ಪೆನ್ಸಿಲ್ವೇನಿಯಾದ ಬುಷಿ ರನ್ ರಣಭೂಮಿಯದು ಈಚಿನ ಉದಾಹರಣೆ. 1763ರ ಆಗಸ್ಟ್ 5 ಮತ್ತು 6ರಂದು ಕರ್ನಲ್ ಬೊಕೆಯ ದಂಡು ಅಲ್ಲಿ ಮೂಲನಿವಾಸಿ ಪಡೆಗಳನ್ನು ಎದುರಿಸಿ ಪಿಟ್ ಕೋಟೆಯನ್ನು ತಲುಪಿತು. ವರ್ಷವರ್ಷವೂ ಆಗಸ್ಟಿನಲ್ಲಿ ಆಡುತ್ತಿದ್ದ ಆ ಕಾಳಗವನ್ನು ರಾಜ್ಯದ ಇತಿಹಾಸ ಆಯೋಗ ಕೆಲವು ವರ್ಷಗಳ ಹಿಂದೆ ತಡೆಯಿತು. ಮೂಲನಿವಾಸಿ ಪಾತ್ರವನ್ನು ಬುಡಕಟ್ಟುಗಳ ಸದಸ್ಯರಲ್ಲದವರು ಹಾಕಬಾರದೆಂದೂ ಹೇಳಿತು. ಸ್ಥಳೀಯರಿಗೆ ನೋವಾಯಿತು. ದಶಕಗಳ ಕಾಲ ಸ್ವಂತ ಖರ್ಚಿನಲ್ಲಿ ದುಡಿದವರು ಅವರು, ಅವರ ನೋವು ಹುಸಿಯಲ್ಲ.

ಆದರೂ ಆಯೋಗದ ಕಡೆಯ ವಾದ ನನಗೆ ಹೆಚ್ಚು ಬಲವಾದದ್ದಾಗಿ ಕಾಣುತ್ತದೆ. ಬೊಕೆ ಹೊರಟಿದ್ದು ಮುತ್ತಿಗೆಗೆ ಸಿಕ್ಕಿದ್ದ ಪಿಟ್ ಕೋಟೆಯ ನೆರವಿಗೆ. ಅದೇ ವರ್ಷದ ಜೂನ್ ತಿಂಗಳಲ್ಲಿ ಆ ಕೋಟೆಯವರು ಮಾತುಕತೆಗೆ ಬಂದ ಲೆನಾಪೆ ಮುಖಂಡರಿಗೆ ಸಿಡುಬಿನ ಆಸ್ಪತ್ರೆಯಿಂದ ತಂದ ಎರಡು ಕಂಬಳಿ, ಒಂದು ಕರವಸ್ತ್ರ ಉಡುಗೊರೆ ಕೊಟ್ಟಿದ್ದರು. ವಿಲಿಯಂ ಟ್ರೆಂಟ್ ತನ್ನ ದಿನಚರಿಯಲ್ಲಿ ಅದನ್ನು ಬರೆದಿಟ್ಟಿದ್ದಾನೆ. ವ್ಯಾಪಾರದ ಕಂಬಳಿಯ ಅಂಚಿನ ಗೀಟುಗಳು ಎಷ್ಟಿರಬೇಕೆಂದು ಗಂಟೆಗಟ್ಟಲೆ ಚರ್ಚಿಸುವ ಹವ್ಯಾಸಿಗಳು ಈ ಕಂಬಳಿಗಳನ್ನು ಚರ್ಚೆಯಿಂದ ಹೊರಗಿಡಲಾಗದು. ಗುಂಡಿನ ಸದ್ದು, ಹೊಗೆ, ಚಪ್ಪಾಳೆ ಇರುವ ಇಪ್ಪತ್ತು ನಿಮಿಷದ ಕಾಳಗದಲ್ಲಿ ಅಂಥ ಸಂಗತಿಗೆ ಜಾಗ ಎಲ್ಲಿ? 1782ರ ಮಾರ್ಚ್ 8ರಂದು ಗ್ನಾಡನ್‌ಹುಟನ್‌ನಲ್ಲಿ ಪೆನ್ಸಿಲ್ವೇನಿಯಾದ ಮಿಲಿಷಿಯಾ 96 ಮಂದಿ ಕ್ರೈಸ್ತ ಲೆನಾಪೆಗಳನ್ನು, ಅದರಲ್ಲೂ ಬಹಳಷ್ಟು ಹೆಂಗಸರು ಮಕ್ಕಳನ್ನು, ಕಟ್ಟಿಹಾಕಿ ಕೊಂದಿತು. ಮಿಲಿಷಿಯಾದ ಅದೇ ಬೇಟೆ ಅಂಗಿಯನ್ನು ಅಷ್ಟು ನಿಖರವಾಗಿ ಹೊಲಿಯುವವರು ಅದನ್ನು ತೊಟ್ಟವರು ಮಾಡಿದ್ದನ್ನೂ ಅಷ್ಟೇ ನಿಖರವಾಗಿ ಹೇಳಬೇಕು.

ಮರುನಟನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1938ನೇ ಇಸವಿ ಎರಡು ಖಂಡಗಳಲ್ಲಿ ಸಾಕ್ಷಿ ಬಿಟ್ಟುಹೋಗಿದೆ. ಆ ಜನವರಿ 26ರಂದು ಸಿಡ್ನಿಯಲ್ಲಿ ಬ್ರಿಟಿಷ್ ಹಡಗುಗಳು ಬಂದಿಳಿದ 150ನೇ ವರ್ಷದ ಮರುನಟನೆ ನಡೆಯಿತು. ಸಿಡ್ನಿಯ ಮೂಲನಿವಾಸಿಗಳು ಪಾತ್ರ ಮಾಡಲು ಒಪ್ಪಲಿಲ್ಲ. ಆಗ ದೂರದ ಮೆನಿಂಡಿಯಿಂದ ಗಂಡಸರನ್ನು ಕರೆತಂದು, ರೆಡ್‌ಫರ್ನ್ ಪೊಲೀಸ್ ಬ್ಯಾರಕ್ಕಿನ ಲಾಯದಲ್ಲಿರಿಸಿ, ಬಿಳಿಯರನ್ನು ಕಂಡು ಓಡಿಹೋಗುವಂತೆ ನಟಿಸಲು ಹೇಳಿದರು. ಆ ಹಡಗುಗಳು ತಂದದ್ದೇ ಕೈದಿಗಳನ್ನು. ಮೆರವಣಿಗೆಯಲ್ಲಿ ಕೈದಿಗಳನ್ನೇ ಕೈಬಿಟ್ಟರು. ಅದೇ ದಿನ ಅದೇ ನಗರದ ಆಸ್ಟ್ರೇಲಿಯನ್ ಹಾಲ್‌ನಲ್ಲಿ ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗ್ಯುಸನ್, ವಿಲಿಯಂ ಕೂಪರ್ ಮೊದಲಾದ ಮೂಲನಿವಾಸಿ ಮುಖಂಡರು ಶೋಕದಿನ ಆಚರಿಸಿ ಪೌರತ್ವದ ಹಕ್ಕು ಕೇಳಿದರು.

ಅದೇ ವರ್ಷದ ಆಗಸ್ಟಿನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಿಂದ ಎತ್ತಿನ ಬಂಡಿಗಳು ಹೊರಟವು. ನೂರು ವರ್ಷದ ಹಿಂದೆ ಬ್ರಿಟಿಷ್ ಆಳ್ವಿಕೆ ತೊರೆದು ಒಳನಾಡಿಗೆ ವಲಸೆ ಹೋದ ಬೋಯರರ ನೆನಪಿಗೆ ಮಾಡಿದ ಪಯಣ ಅದು. ಊರೂರಲ್ಲೂ ಗಂಡಸರು ಗಡ್ಡ ಬಿಟ್ಟು, ಹೆಂಗಸರು ಹಳೆಯ ಕಾಲದ ಟೋಪಿ ತೊಟ್ಟು ಬಂಡಿಗಳನ್ನು ಎದುರುಗೊಂಡರು. ಮಕ್ಕಳಿಗೆ ಬಂಡಿಯ ನೆರಳಲ್ಲಿ ನಾಮಕರಣವಾಯಿತು. ಬೀದಿಗಳಿಗೆ ಹೊಸ ಹೆಸರು ಬಂತು. ಡಿಸೆಂಬರ್ 16ರಂದು ಪ್ರಿಟೋರಿಯಾದ ಗುಡ್ಡದಲ್ಲಿ ಫೂರ್‌ಟ್ರೆಕರ್ ಸ್ಮಾರಕದ ಅಡಿಗಲ್ಲು ಬಿತ್ತು. ಹತ್ತು ವರ್ಷದಲ್ಲಿ, 1948ರಲ್ಲಿ, ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದು ವರ್ಣಭೇದ ನೀತಿ ಕಾನೂನಾಯಿತು. ಬಂಡಿಗಳಿಂದಲೇ ಎಲ್ಲವೂ ಆಯಿತೆನ್ನಲಾಗದು. ಆದರೆ ಚದುರಿಹೋಗಿದ್ದ ಒಂದು ಜನಕ್ಕೆ ತಾವೆಲ್ಲ ಒಂದೇ, ಈ ನೆಲ ತಮ್ಮದೇ ಎಂಬ ಭಾವ ಮೂಡಿಸುವುದರಲ್ಲಿ ಆ ಮರುನಟನೆಯ ಪಾತ್ರ ದೊಡ್ಡದು. ಹಳೆಯ ಉಡುಪು ತೊಟ್ಟ ಮೈ ಹಳೆಯ ಹಕ್ಕನ್ನೂ ತೊಟ್ಟುಕೊಳ್ಳಬಲ್ಲದು.

ಹಾಗಾದರೆ ನಿಲ್ಲಿಸಿಬಿಡಬೇಕೆ? ನಿಲ್ಲಿಸಬೇಕಿಲ್ಲ ಎಂಬುದಕ್ಕೆ ಒಳ್ಳೆಯ ಉದಾಹರಣೆಗಳಿವೆ, ಅವು ಸುಲಭದಲ್ಲಿ ಬಂದವಲ್ಲ. ಮೆಸಾಚುಸೆಟ್ಸಿನ ಪ್ಲಿಮತ್ ಮ್ಯೂಸಿಯಂ 1947ರಲ್ಲಿ ಆರಂಭವಾಯಿತು. ಅಲ್ಲಿನ ಇಂಗ್ಲಿಷ್ ಹಳ್ಳಿಯಲ್ಲಿ ವೇಷಧಾರಿಗಳು 1620ರ ದಶಕದವರಾಗಿಯೇ ಮಾತಾಡುತ್ತಾರೆ, ಆಮೇಲಿನದೇನೂ ಅವರಿಗೆ ಗೊತ್ತಿಲ್ಲ. ಪಕ್ಕದ ವಾಂಪನೋಗ್ ನೆಲೆಯಲ್ಲಿ ಹಾಗಲ್ಲ. ಅಲ್ಲಿರುವವರು ಮೂಲನಿವಾಸಿ ಸಿಬ್ಬಂದಿ. ಜಿಂಕೆತೊಗಲು ತೊಟ್ಟರೂ ಪಾತ್ರ ಹಾಕುವುದಿಲ್ಲ, ಇಂದಿನವರಾಗಿ ಮಾತಾಡುತ್ತಾರೆ. ನಡುವೆ ಏನಾಯಿತೆಂದು ಕೇಳಿದರೆ ಉತ್ತರ ಕೊಡುತ್ತಾರೆ. ಈ ವ್ಯತ್ಯಾಸ ಬಹಳ ವಿವೇಕದ್ದು. ಗೆದ್ದವರಿಗೆ ಕಾಲವನ್ನು ನಿಲ್ಲಿಸಿ ಆಡುವ ಅನುಕೂಲವಿದೆ, ಕಳೆದುಕೊಂಡವರಿಗೆ ಅದು ಉಸಿರುಕಟ್ಟುತ್ತದೆ. 2020ರಲ್ಲಿ ಸಂಸ್ಥೆ ತನ್ನ ಹೆಸರಿಗೆ ‘ಪಟಕ್ಸೆಟ್’ ಎಂಬ ಆ ಊರಿನ ಮೂಲ ಹೆಸರನ್ನು ಸೇರಿಸಿಕೊಂಡಿತು. ಅಷ್ಟರಿಂದ ತೃಪ್ತರಾಗದ ವಾಂಪನೋಗ್ ಜನ 2022ರಲ್ಲಿ ಬಹಿಷ್ಕಾರದ ಕರೆ ಕೊಟ್ಟರು. ಹೆಸರು ಬದಲಿಸಿದ ಮೇಲೂ ನೆಲೆಯನ್ನು ನೋಡಿಕೊಳ್ಳುವ ರೀತಿ ಸರಿಯಿಲ್ಲ ಎಂಬುದು ಅವರ ದೂರು.

ವಿಲಿಯಮ್ಸ್‌ಬರ್ಗ್ ಗಡಿಸೀಮೆಯಲ್ಲ, ವಸಾಹತಿನ ರಾಜಧಾನಿ. ಆದರೂ 1994ರ ಅಕ್ಟೋಬರಿನಲ್ಲಿ ಅಲ್ಲಿ ನಡೆದದ್ದು ಎಲ್ಲ ಕೋಟೆಗಳಿಗೂ ಪಾಠ. ಕ್ರಿಸ್ಟಿ ಕೋಲ್ಮನ್ ಮುಂದಾಳತ್ವದಲ್ಲಿ ಆಫ್ರಿಕನ್ ಅಮೆರಿಕನ್ ಸಿಬ್ಬಂದಿ ಗುಲಾಮರ ಹರಾಜನ್ನು ಆಡಿ ತೋರಿಸಿದರು, ಆಕೆಯೇ ಹರಾಜಿಗೆ ನಿಂತಳು. ಪ್ರತಿಭಟನೆಗೆ ಬಂದವರಲ್ಲಿ ಕೆಲವರು ನೋಡಿದ ಮೇಲೆ ಮನಸ್ಸು ಬದಲಿಸಿದರು. ಇಂಡಿಯಾನಾದ ಕಾನರ್ ಪ್ರೇರಿ ಎಂಬಲ್ಲಿ 1998ರಿಂದ 2019ರವರೆಗೆ ನಡೆದ ಕಾರ್ಯಕ್ರಮದಲ್ಲಿ ಪ್ರವಾಸಿಗರೇ ಓಡಿಹೋಗುವ ಗುಲಾಮರಾಗಿ ಕತ್ತಲಲ್ಲಿ ಅಲೆಯಬೇಕಿತ್ತು. ಅದು ನಿಂತದ್ದು ಒಳ್ಳೆಯದೇ ಆಯಿತೆಂದು ನನ್ನ ಅನಿಸಿಕೆ. ಒಂದೂವರೆ ಗಂಟೆಯ ಭಯವನ್ನು ತಲೆಮಾರುಗಳ ಬಂಧನಕ್ಕೆ ಸಮವೆಂದು ಮಗುವೊಂದು ತಿಳಿದು ಮನೆಗೆ ಹೋಗಬಾರದು. 2019ರ ನವೆಂಬರಿನಲ್ಲಿ ಕಲಾವಿದ ಡ್ರೆಡ್ ಸ್ಕಾಟ್ ಲೂಸಿಯಾನಾದಲ್ಲಿ 1811ರ ಗುಲಾಮರ ಬಂಡಾಯವನ್ನು ಮರುನಟಿಸಿದಾಗ ನೂರಾರು ಕಪ್ಪು ಜನ ಹಳೆಯ ಉಡುಪಿನಲ್ಲಿ, ಕತ್ತಿ ಕೋವಿ ಹಿಡಿದು, ಈಗ ಪೆಟ್ರೋಲಿಯಂ ಸ್ಥಾವರಗಳಿರುವ ರಸ್ತೆಯಲ್ಲಿ ನಡೆದರು. ಅಲ್ಲಿ ಉಡುಪಿಗೂ ಒಡಲಿಗೂ ಬಿರುಕಿರಲಿಲ್ಲ.

ಟೆನೆಸಿಯ ಲೌಡನ್ ಕೋಟೆಯ ಕಥೆ ಇನ್ನೂ ತೊಡಕಿನದು. 1756ರಲ್ಲಿ ಚೆರೋಕಿ ಜನರ ಮಿತ್ರತ್ವಕ್ಕಾಗಿ ಬ್ರಿಟಿಷರು ಕಟ್ಟಿದ ಈ ಕೋಟೆಯನ್ನು 1760ರಲ್ಲಿ ಚೆರೋಕಿಗಳೇ ಗೆದ್ದುಕೊಂಡರು. 1979ರಲ್ಲಿ ಟೆಲ್ಲಿಕೊ ಅಣೆಕಟ್ಟು ಮುಗಿದು ಕಣಿವೆ ಮುಳುಗುವ ಮೊದಲು ಕೋಟೆಯ ನೆಲವನ್ನು ಮಣ್ಣು ತುಂಬಿ ಎತ್ತರಿಸಿ ಉಳಿಸಿಕೊಂಡರು. ಚೆರೋಕಿ ರಾಜಧಾನಿಗಳಾಗಿದ್ದ ಚೋಟ ಮತ್ತು ಟನಸಿ ಮುಳುಗಿದವು. ರಾಜ್ಯಕ್ಕೆ ಹೆಸರು ಕೊಟ್ಟ ಊರು ಟನಸಿ. ಚೋಟದ ಸಭಾಭವನವಿದ್ದ ತುಂಡು ನೆಲದ ಮೇಲೆ ಮಾತ್ರ ಒಂದು ಸ್ಮಾರಕವಿದೆ. ಅಲ್ಲಿಂದ ಪೂರ್ವಕ್ಕೆ, ಉತ್ತರ ಕೆರೊಲಿನಾದಲ್ಲಿ ಉಳಿದಿರುವ ಚೆರೋಕಿಗಳ ‘ವಾರಿಯರ್ಸ್ ಆಫ್ ಅನಿಕಿತುವಾ’ ಎಂಬ ತಂಡ 1762ರಲ್ಲಿ ಆ ಕಣಿವೆಗೆ ಬಂದಿದ್ದ ಹೆನ್ರಿ ಟಿಂಬರ್ಲೇಕ್ ಎಂಬ ಬ್ರಿಟಿಷ್ ಅಧಿಕಾರಿಯ ನೆನಪಿನ ಪುಸ್ತಕದಿಂದ ವಿವರ ಪಡೆದು ತಮ್ಮ ಯುದ್ಧನೃತ್ಯವನ್ನು ಮತ್ತೆ ಕಟ್ಟಿಕೊಂಡಿದೆ. ಹೊರಗಿನವನು ನೋಡಿ ಬರೆದಿಟ್ಟದ್ದು ಮನೆಯವರ ಮೈಗೆ ಮರಳಿತು. ಮರುನಟನೆ ಇಷ್ಟು ಸಾರ್ಥಕವಾದದ್ದನ್ನು ನಾನು ಬೇರೆಡೆ ಕಾಣೆ. ಮೊಂಟಾನಾದಲ್ಲಿ ಲಿಟಲ್ ಬಿಗ್‌ಹಾರ್ನ್ ಕಾಳಗವನ್ನು ಕ್ರೋ ಜನಾಂಗದ ಒಂದು ಕುಟುಂಬ ತನ್ನದೇ ಹೊಲದಲ್ಲಿ ಆಡಿಸುತ್ತದೆ. ಅಲ್ಲಿ ಕಥೆ ಹೇಳುವವರು ಯಾರು, ನೆಲ ಯಾರದು ಎಂಬ ಗೊಂದಲವಿಲ್ಲ.

ನೆಲದ ಮಾತು ಬಂದಾಗ 1775ರ ಮಾರ್ಚ್ ನೆನಪಾಗದಿರದು. ಟೆನೆಸಿಯ ಸಿಕಮೋರ್ ಶೋಲ್ಸ್‌ನಲ್ಲಿ ರಿಚರ್ಡ್ ಹೆಂಡರ್ಸನ್ ಬಂಡಿಗಟ್ಟಲೆ ಬಟ್ಟೆ, ಕೋವಿ, ಸಾಮಾನು ಕೊಟ್ಟು ಚೆರೋಕಿಗಳಿಂದ ಸುಮಾರು 2 ಕೋಟಿ ಎಕರೆ ಬರೆಸಿಕೊಂಡ. ಡ್ರ್ಯಾಗಿಂಗ್ ಕನೂ ಎಂಬ ಯುವ ನಾಯಕ ಒಪ್ಪದೆ ಹೊರಬಿದ್ದು ಮುಂದೆ ವರ್ಷಗಟ್ಟಲೆ ಹೋರಾಡಿದ. ಹಂಚಿಕೆಯಲ್ಲಿ ಒಬ್ಬ ಯೋಧನ ಪಾಲಿಗೆ ಒಂದೇ ಒಂದು ಅಂಗಿ ಬಂತಂತೆ. ಆ ನೆಲದಲ್ಲಿ ಒಂದು ದಿನ ಬೇಟೆಯಾಡಿದ್ದರೆ ಇದಕ್ಕಿಂತ ಹೆಚ್ಚು ಸಂಪಾದಿಸುತ್ತಿದ್ದೆ ಎಂದು ಅವನು ನೊಂದುಕೊಂಡನೆಂದು ಹೇಳುತ್ತಾರೆ. ಅಲ್ಲೀಗ ರಾಜ್ಯದ ಉದ್ಯಾನವಿದೆ, ಮರುಕಟ್ಟಿದ ಕೋಟೆ ಇದೆ, ಬೇಸಿಗೆಯ ಹೊತ್ತಿಗೆ ಮುತ್ತಿಗೆಯ ಮರುನಟನೆ ಇದೆ. ಅಲ್ಲಿ ಅಂಗಿ ಹೊಲಿಯುವವರು ಹೇಳಬೇಕಾದ ಕಥೆ ಆ ಒಂದು ಅಂಗಿಯದು.

ಗ್ರ್ಯಾಂಡ್ ಪೋರ್ಟೇಜ್ ಮಿನೆಸೋಟದ ಈಶಾನ್ಯ ಮೂಲೆಯಲ್ಲಿ, ಸುಪೀರಿಯರ್ ಸರೋವರದ ದಡದಲ್ಲಿದೆ. 1803ರವರೆಗೆ ನಾರ್ತ್ ವೆಸ್ಟ್ ಕಂಪನಿಯ ತುಪ್ಪಳ ವ್ಯಾಪಾರದ ಬೇಸಿಗೆ ಕೇಂದ್ರ ಅದಾಗಿತ್ತು. ದೋಣಿಗಾರರು ತೊಂಬತ್ತು ಪೌಂಡಿನ ಮೂಟೆಗಳನ್ನು ಎರಡೆರಡಾಗಿ ಬೆನ್ನಿಗೇರಿಸಿ ಎಂಟೂವರೆ ಮೈಲಿ ಕಾಡುಹಾದಿ ದಾಟುತ್ತಿದ್ದರು. ಮರುಕಟ್ಟಿದ ಕಂಪನಿ ಆವರಣ ಇರುವುದು ಒಜಿಬ್ವೆ ಜನರ ಮೀಸಲು ಪ್ರದೇಶದೊಳಗೆ. 1958ರ ಕಾನೂನಿನಂತೆ ರಾಷ್ಟ್ರೀಯ ಸ್ಮಾರಕವಾಗಲು ಜಾಗ ಕೊಟ್ಟವರು ಅವರೇ, ಉದ್ಯಾನ ಇಲಾಖೆಯೊಂದಿಗೆ ಸೇರಿ ನೋಡಿಕೊಳ್ಳುವವರೂ ಅವರೇ. ಆಗಸ್ಟಿನ ಎರಡನೇ ವಾರಾಂತ್ಯದಲ್ಲಿ ಇಲ್ಲಿ ದೋಣಿಗಾರರ ರಾಂದೆವೂ ಮತ್ತು ಒಜಿಬ್ವೆಗಳ ಪೌವೌ ಎರಡೂ ಒಟ್ಟಿಗೆ ನಡೆಯುತ್ತವೆ. ಡೇರೆ ಹೂಡಿದ ಹವ್ಯಾಸಿ ತನ್ನ ಹೊಲಿಗೆಯನ್ನು ತೋರಿಸಿ ಮುಗಿಸಿ ಗುಡ್ಡ ಹತ್ತಿದರೆ ಆ ಹೊಲಿಗೆಯ ಕಾಲದಿಂದ ಇಂದಿನವರೆಗೂ ಅಲ್ಲಿಂದ ಕದಲದ ಜನ ನಗಾರಿ ಬಾರಿಸಿ ಕುಣಿಯುತ್ತಿರುತ್ತಾರೆ. ಅವರ ಉಡುಪಿನಲ್ಲಿ ಹಳೆಯ ಮಣಿಯೂ ಇದೆ, ಹೊಸ ಪಾಲಿಯೆಸ್ಟರೂ ಇದೆ, ಅದನ್ನು ಫಾರ್ಬ್ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಟಿಕಾಂಡರೋಗಾ, ಬುಷಿ ರನ್, ಬೂನ್ಸ್‌ಬರೋಗಳ ಆಯೋಜಕರು ಮುಂದಿನ ವರ್ಷದ ಕಾರ್ಯಕ್ರಮ ಪಟ್ಟಿ ಬರೆಯುವ ಮೊದಲು ಆ ವಾರಾಂತ್ಯ ಅಲ್ಲಿಗೆ ಹೋಗಿ, ಒಜಿಬ್ವೆ ಹಿರಿಯರು ಈ ಎರಡು ಕೂಟಗಳನ್ನು ಒಂದೇ ಬಯಲಿಗೆ ತರಲು ಏನೇನು ಷರತ್ತು ಹಾಕಿಕೊಂಡಿದ್ದಾರೆಂದು ಕೇಳಿ ಬರಬೇಕು.